ಸಾರಥಿ ಕೇಳಿದ ಗುರುತು

ನಡೆದದ್ದು ಹೀಗೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಹೋದ ತಿಂಗಳು ಮನೆಯ ಹಳೆಯ ಗಾದಿಯನ್ನು ಬಿಚ್ಚಿಸಿದೆವು. ಅರಳೆ ಹಿಂಜುವವನು ಓಣಿಯ ಬಾಯಲ್ಲಿ ಕುಳಿತು ಬಿಲ್ಲು ಮೀಟತೊಡಗಿದ. ಹಳೆ ಹತ್ತಿಯ ಧೂಳು ಎದ್ದು ಮೂಗಿಗೆ ಅಡರಿತು. ನೆನಪಾದವರು ನಮ್ಮೂರಿನ ಬಾಜು ಮನೆಯ ಕಾಕಾ. ಒಂದು ಕಾಲದಲ್ಲಿ ಅವರ ಕಂಬಳಿಗೆ ಇದೇ ವಾಸನೆ ಬರುತ್ತಿತ್ತು. ಅಥವಾ ಬರುತ್ತಿತ್ತೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ... ಕುರಿ ಉಣ್ಣೆಯ ಕಂಬಳಿಗೆ ಹತ್ತಿಯ ವಾಸನೆ ಯಾಕೆ ಬರಬೇಕು? ಈ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ.

ನಮ್ಮೂರು ಸುರಪುರದಿಂದ ಕೆಂಭಾವಿ ಕಡೆ ಹೋಗುವ ದಾರಿಯಲ್ಲಿದೆ. ಕಾಕಾ ನಮ್ಮೂರ ದೊಡ್ಡಾಟದಲ್ಲಿ ಸಾರಥಿ. ದೊಡ್ಡಾಟ ನೋಡಿದವರಿಗೆ ಗೊತ್ತು. ರಾಜನೇ ಇರಲಿ, ರಾಕ್ಷಸನೇ ಇರಲಿ, ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು ತಾವು ಯಾರು, ಬಂದ ಕಾರಣವೇನು ಎಂದು ಕೇಳಬೇಕು. ನಾಲ್ಕು ಜನರೆದುರು ಅದಕ್ಕೆ ಉತ್ತರ ಕೊಡದೆ ಯಾವ ವೇಷವೂ ಹೆಜ್ಜೆ ಮುಂದಿಡುವಂತಿಲ್ಲ. ಕಾಕಾ ಸಣ್ಣಗೆ, ಕುಳ್ಳಗೆ ಇದ್ದರು. ಕಿರೀಟ ಹೊತ್ತ ರಾಜನೆದುರು ಸೊಂಟದ ಮೇಲೆ ಕೈಯಿಟ್ಟು ಅವರು ನಿಂತರೆ ಮಂದಿ ನಗುತ್ತಿದ್ದರು. ರಾಜನ ವೇಷ ಹಾಕುತ್ತಿದ್ದವರು ಕಾಕಾನ ಗೆಳೆಯರು, ಕುರಿ ಹಟ್ಟಿಯ ಯಜಮಾನರು. ಎಷ್ಟೋ ವರ್ಷ ಆ ಇಬ್ಬರೂ ಹೀಗೇ ಎದುರುಬದುರು ನಿಂತು ಕೇಳಿ, ಹೇಳಿ ನಗಿಸಿದ್ದರು.

ನಾನಾಗ ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದೆ. ನಿಜಾಮರ ಪರ ನಿಂತ ರಜಾಕಾರರ ಗಲಾಟೆ ಹೆಚ್ಚಾಗಿ ಕಾಲೇಜು ನಿಂತಿತು. ನಾನು ಊರು ಸೇರುವಷ್ಟರಲ್ಲಿ ರಾಜನ ವೇಷದವರು ಬದುಕಿರಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿದ ಯಾರೋ ಹಟ್ಟಿಗೆ ನುಗ್ಗಿ ಗುಂಡು ಹೊಡೆದು ಹೋಗಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಆಮೇಲೆ ಭಾರತದ ಮಿಲಿಟರಿ ಬಂತು, ನಿಜಾಮರ ಆಳ್ವಿಕೆ ಮುಗಿಯಿತು, ಸುರಪುರದ ಕಚೇರಿಯ ಮೇಲೆ ಹೊಸ ಬಾವುಟ ಏರಿತು. ಅಂಜಿಕೆ ಮಾತ್ರ ಊರು ಬಿಡಲಿಲ್ಲ, ಮನೆ ಬದಲಿಸಿತು ಅಷ್ಟೇ. ಈಗ ಊರಿನ ಮುಸಲ್ಮಾನರ ನಾಲ್ಕಾರು ಮನೆಗಳ ಕದ ಹೊತ್ತೇರಿದರೂ ತೆರೆಯುತ್ತಿರಲಿಲ್ಲ. ನಮಗೆಲ್ಲ ಅರಳೆ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ ಪಿಂಜಾರನ ಮನೆಗೆ ಹೊರಗಿನಿಂದಲೇ ಬೀಗ ಬಿದ್ದಿತ್ತು. ಹೆಂಡತಿ ಮಕ್ಕಳನ್ನು ಶಹಾಪುರಕ್ಕೆ ಕಳಿಸಿದ್ದ. ಅವನು ಮಾತ್ರ ಎಲ್ಲಿದ್ದಾನೆಂದು ಯಾರೂ ಹೇಳುತ್ತಿರಲಿಲ್ಲ.

ಗಲಾಟೆಯ ಕಾಲದಲ್ಲಿ ಶುರುವಾದ, ರಾತ್ರಿ ಊರ ಹೆಬ್ಬಾಗಿಲು ಅಗಸಿ ಕಾಯುವ ರೂಢಿ ಹಾಗೇ ಮುಂದುವರಿದಿತ್ತು. ದೀಪ ಹಚ್ಚುವ ಹೊತ್ತಿಗೆ ನಾನೂ ಕಾಕಾನೂ ಅಗಸಿಯ ಕಟ್ಟೆ ಮೇಲೆ ಕೂರುತ್ತಿದ್ದೆವು. ಪರೀಕ್ಷೆಗೆಂದು ಒಂದು ಹಳೆಯ ಇಂಗ್ಲಿಷ್ ನಾಟಕ ನನ್ನ ಬೆನ್ನು ಹತ್ತಿತ್ತು. ಸೇಡಿನ ನಾಟಕ. ಮೊದಲ ಅಂಕವನ್ನು ನಿಮ್ಮ ಮಾತಿನಲ್ಲಿ ವಿವರಿಸಿ ಎಂದು ನಮ್ಮ ಪ್ರೊಫೆಸರರು ಹೇಳಿದ್ದರು. ಪದಗಳ ಅರ್ಥವೆಲ್ಲ ಗೊತ್ತಿದ್ದೂ ನನಗೆ ಅದು ದಕ್ಕಿರಲಿಲ್ಲ.

“ಏನೋ ತಮ್ಮಾ, ಪುಸ್ತಕ ಮೂಗಿಗೆ ಹಚ್ಚಿಕೊಂಡು ಕುಂತೀದಿ? ಓದಾಕತ್ತೀಯೋ, ವಾಸನಿ ನೋಡಾಕತ್ತೀಯೋ?” ಎಂದರು ಕಾಕಾ.

ಕಥೆ ಹೇಳಿದೆ. ಕೋಟೆಯ ಮೇಲೆ ಕಾವಲಿನವರು, ಕೊರೆಯುವ ಚಳಿ. ಒಬ್ಬರನ್ನು ಕಂಡರೆ ಒಬ್ಬರಿಗೆ ಅಂಜಿಕೆ. ಅಲ್ಲಿಗೆ ಸತ್ತ ರಾಜ ಬರುತ್ತಾನೆ. ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಕೊನೆಗೆ ಮಗನನ್ನು ಒಬ್ಬನನ್ನೇ ದೂರ ಕರೆದೊಯ್ದು, ನನ್ನನ್ನು ಕೊಂದವನು ಇಂಥವನು, ನೀನು ಸೇಡು ತೀರಿಸು ಅನ್ನುತ್ತಾನೆ.

“ಮಗ ಒಬ್ಬಂವಗ ಹೇಳ್ತಾನ?”

“ಹೌದ್ರಿ ಕಾಕಾ. ಉಳಿದವರು ನೋಡ್ತಾರ, ಆದ್ರ ಅವರಿಗೆ ಏನೂ ಹೇಳಂಗಿಲ್ಲ.”

“ಅಲ್ಲಿಗೇ ಆಟ ಕೆಟ್ಟಿತು ನೋಡು. ಸಾರಥಿ ಇಲ್ಲದ ಆಟ ಅದು. ಬಂದಾಂವ ಯಾರು, ಯಾಕ ಬಂದಾನ ಅಂತ ಮಂದಿ ಮುಂದ ಕೇಳಬೇಕಿಲ್ಲೋ? ಮಗನ ಕಿವಿಯಾಗ ಊದಿ ಹೋದ್ರ ಹೆಂಗ?” ಮತ್ತೆ ಕೇಳಿದರು: “ಮುಂದ ಎಷ್ಟು ಹೆಣ ಬೀಳ್ತಾವ?”

“ಭಾಳ. ಕಡೀಕ ಮಗನೂ ಉಳಿಯಂಗಿಲ್ಲ.”

ಕಾಕಾ ಕಂಬಳಿ ಎಳೆದುಕೊಂಡರು. ಹತ್ತಿಯ ವಾಸನೆ ಬಂದದ್ದು ಆಗಲೇ ಎಂದು ನನ್ನ ನೆನಪು ಹೇಳುತ್ತದೆ.

ರಾಜನ ವೇಷದವರು ಸತ್ತು ವರ್ಷ ತುಂಬಿದ ಮೇಲೆ ಬಂದ ಅಮಾವಾಸ್ಯೆಯ ದಿನ ಎಡೆ ಕೊಡಲು ಎಲ್ಲರೂ ಹೊಲದ ಗೋರಿಗೆ ಹೋದೆವು. ಸುಡುಬಿಸಿಲು. ಲೋಬಾನದ ಹೊಗೆ ಏಳುತ್ತಿತ್ತು. ಇದ್ದಕ್ಕಿದ್ದಂತೆ ಸತ್ತವರ ತಮ್ಮ ನಡುಗತೊಡಗಿದರು. ಕಣ್ಣು ಮೇಲೆ ಸಿಕ್ಕಿಕೊಂಡವು. ಅಣ್ಣ ಮೈಮೇಲೆ ಬಂದಿದ್ದಾನೆಂದು ಹೆಂಗಸರು ಕೈಮುಗಿದರು.

“ಗುಂಡು ಹೊಡದವರಿಗೆ ನನ್ನ ಹಟ್ಟಿ ತೋರಿಸಿದಾಂವ ಪಿಂಜಾರ!” ಎಂದಿತು ಆ ದನಿ. “ನನ್ನ ರಕ್ತ ಆರಿಲ್ಲ. ಎಲ್ಲಿ ಅದಾನ ನನ್ನ ಮಗ?”

ಮಗ ನನ್ನ ಓರಗೆಯವನು, ಚೆಂಡು ಆಡಿ ಜೊತೆಗೆ ಬೆಳೆದವನು. ಅವನು ಬನ್ನಿ ಗಿಡಕ್ಕೆ ಒರಗಿಸಿದ್ದ ಕೊಡಲಿಯನ್ನು ಕೈಗೆ ತೆಗೆದುಕೊಂಡ. ಐದಾರು ಹುಡುಗರು ಅವನ ಹಿಂದೆ ಎದ್ದು ನಿಂತರು. ಊರು ಸಣ್ಣದು, ಮನೆಮನೆ ಹುಡುಕಿದರೆ ಅಡಗಿದವನು ಸಿಗದೆ ಎಲ್ಲಿ ಹೋದಾನು? ಪುಸ್ತಕದಲ್ಲಿ ದಕ್ಕದ ಅಂಕ ನನ್ನೆದುರಿಗೆ ಬಿಸಿಲಲ್ಲಿ ನಿಂತಿತ್ತು. ಸತ್ತವನ ಮಾತು ಖರೆಯೋ ಸುಳ್ಳೋ ನೋಡುವಷ್ಟು ಹೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅಂಜಿದವರಿಗೆ ಒಂದು ಹೆಸರು ಸಿಕ್ಕಿತ್ತು.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೈಮೇಲೆ ಬಂದದ್ದು ಸತ್ತವರೇ ಹೌದೋ, ಅಲೆಯುವ ಬೇರೆ ಗಾಳಿಯೋ ಎಂದು ತಿಳಿಯಲು ಹತ್ತಿರದವರೊಬ್ಬರು ಗುರುತು ಕೇಳಬೇಕು. ಗುರುತು ತಪ್ಪಿದರೆ ಬೇವಿನ ಸೊಪ್ಪಿನಿಂದ ಬಡಿದು ಓಡಿಸುತ್ತಾರೆ, ಅದರ ಮಾತಿಗೆ ಬೆಲೆಯಿಲ್ಲ. ಕಾಕಾ ಮಂದಿಯನ್ನು ಸರಿಸಿ ಮುಂದೆ ಬಂದರು. ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಟದಲ್ಲಿ ನಿಲ್ಲುತ್ತಿದ್ದ ಹಾಗೇ. ಈ ಸಲ ಯಾರೂ ನಗಲಿಲ್ಲ.

“ತಾವು ಯಾರು? ಬಂದ ಕಾರಣವೇನು?”

“ಏ ಕುಳ್ಳ್ಯಾ, ನನ್ನ ಗುರುತು ಸಿಗಲಿಲ್ಲೇನೋ? ನಿನ್ನ ರಾಜ ಅದೀನಿ.”

“ರಾಜ ಇದ್ರ ಹೇಳು. ಪರದೆ ಹಿಂದಿಂದ ರಂಗಕ್ಕ ಬರೂ ಮುಂದ ಮೊದಲು ಯಾವ ಕಾಲು ಇಡ್ತಿದ್ದಿ?”

ವೇಷಗಳೆಲ್ಲ ಬಲಗಾಲಿಟ್ಟೇ ಬರುವುದು ವಾಡಿಕೆ. ಪರದೆಯ ಹಿಂದಿನ ಆ ಮೊದಲ ಹೆಜ್ಜೆ ಎದುರು ಕುಳಿತ ಮಂದಿಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಸಾರಥಿಗೆ ಮಾತ್ರ ಕಾಣುತ್ತದೆ.

“ಎಡಗಾಲು,” ಎಂದಿತು ದನಿ.

ಕಾಕಾ ಕಣ್ಣು ಮುಚ್ಚಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ನನ್ನ ಲೆಕ್ಕದಲ್ಲಿ ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದಾರೆ... ಆಮೇಲೆ ಒಮ್ಮೆಲೇ ಕೂಗಿದರು.

“ಸುಳ್ಳು! ನಮ್ಮ ರಾಜ ಬಲಗಾಲು ಇಟ್ಟು ಬರ್ತಿದ್ದ. ಇಂವ ಅಂವ ಅಲ್ಲ. ಯಾವುದೋ ಗಾಳಿ ಹೊಕ್ಕಾದ. ತರ್ರಿ ಬೇವಿನ ತಪ್ಪಲಾ!”

ಬೇವಿನ ಟೊಂಗೆ ಬಂತು. ತಮ್ಮ ಕುಸಿದು ಬಿದ್ದರು, ನೀರು ಕೇಳಿದರು, ಏನಾಯಿತೆಂದು ಅತ್ತರು. ಕಾಕಾ ಹುಡುಗನ ಬಳಿ ಹೋಗಿ ಕೊಡಲಿಗೆ ಕೈಹಾಕಿದರು.

“ಕೊಡೋ ಇಲ್ಲಿ. ನಿಮ್ಮಪ್ಪ ಹೇಳಬೇಕಂದ್ರ ನಿಮ್ಮವ್ವನ ಕನಸಿನಾಗ ಬಂದು ಹೇಳ್ತಾನ. ಕುರಿ ನೀರಿಲ್ಲದ ನಿಂತಾವ, ಹೋಗು.”

ಹುಡುಗ ಕೊಡಲಿ ಬಿಟ್ಟ. ಅವನ ತಾಯಿ ಗೋರಿಯ ಪಕ್ಕದಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಮಾತಾಡಲಿಲ್ಲ. ಇದೊಂದು ಚಿತ್ರದ ಬಗ್ಗೆ ನನಗೆ ಅನುಮಾನವಿಲ್ಲ.

ಊರು ತಣ್ಣಗಾದ ಮೇಲೆ ಒಂದು ದಿನ ಪಿಂಜಾರನ ಮನೆಯ ಬೀಗ ತೆರೆದಿತ್ತು. ಇಷ್ಟು ದಿನ ಅವನು ಎಲ್ಲಿದ್ದನೆಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಕಾಕಾ ಮಾತ್ರ ಗೋರಿಯ ಹತ್ತಿರದ ಆ ದಿನದಿಂದ ಬೇರೆಯೇ ಮನುಷ್ಯರಾದರು. ದೊಡ್ಡಾಟದಲ್ಲಿ ಮತ್ತೆ ಸಾರಥಿಯಾಗಲಿಲ್ಲ. ಬಿಸಿಲಿದ್ದಾಗಲೂ ಆ ಹೊಲದ ದಾರಿ ಹಿಡಿಯುತ್ತಿರಲಿಲ್ಲ. ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾದರೆ ನಿಂತುಬಿಡುತ್ತಿದ್ದರು.

ನಾನು ಹೈದರಾಬಾದಿಗೆ ಹೊರಡುವ ದಿನ ಗಾಡಿಯ ತನಕ ಬಂದಿದ್ದರು. ಗಾಡಿ ಹೂಡುವಾಗ ಮೆಲ್ಲಗೆ ಕೇಳಿದರು.

“ತಮ್ಮಾ, ಆ ನಿನ್ನ ಆಟದಾಗ ಸತ್ತ ರಾಜ ಬಂದಿದ್ನಲ್ಲ. ಅಂವ ಖರೇನ ರಾಜ ಇದ್ದನೇನು? ಇಲ್ಲಾ, ಬ್ಯಾರೆ ಏನರ?”

ನಾನು ಓದಿದವನ ಹುರುಪಿನಲ್ಲಿದ್ದೆ. “ಮಗನಿಗೂ ಅದೇ ಸಂಶಯ ಇರ್ತದ ಕಾಕಾ. ಮುಂದ ನೋಡಿದ್ರ ಅಂವ ಹೇಳಿದ್ದೆಲ್ಲಾ ಖರೇನ ಇತ್ತು.”

ಕಾಕಾ ಗಾಡಿಯ ಮೇಲಿಂದ ಕೈ ತೆಗೆದರು. “ಹೌದಾ?” ಎಂದರು. ಗಾಡಿ ಹೊರಟಿತು. ನಾನು ತಿರುಗಿ ನೋಡಿದಾಗ ಅವರು ಅದೇ ಜಾಗದಲ್ಲಿ ನಿಂತಿದ್ದರು. ಅಥವಾ ನಾನು ತಿರುಗಿ ನೋಡಲೇ ಇಲ್ಲವೋ...

ಕಾಕಾ ತೀರಿಕೊಂಡಾಗ ನಾನು ದೂರದ ಊರಲ್ಲಿ ನೌಕರಿಯಲ್ಲಿದ್ದೆ. ಸುದ್ದಿ ತಡವಾಗಿ ಮುಟ್ಟಿತು. ಕಡೆಯ ಜ್ವರದಲ್ಲಿ ಬಾಗಿಲ ಕಡೆ ನೋಡುತ್ತ “ತಾವು ಯಾರು, ತಾವು ಯಾರು” ಎಂದು ಕೇಳುತ್ತಲೇ ಇದ್ದರಂತೆ. ಮನೆಯವರಿಗೆ ಅದು ಆಟದ ಹುಚ್ಚು ಅನಿಸಿತ್ತು. ಯಾರು ಉತ್ತರ ಕೊಟ್ಟರೋ, ಕೊಡಲಿಲ್ಲವೋ. ನಾನು ದೆವ್ವ ನಂಬುವವನಲ್ಲ. ಆದರೂ ಆ ಬಾಗಿಲನ್ನು ನೆನೆದರೆ ಈಗಲೂ ಎದ್ದು ನಮ್ಮ ಮನೆಯ ಚಿಲಕ ನೋಡಿ ಬರುತ್ತೇನೆ.

ಆ ಅಂಕವನ್ನು ಎಷ್ಟೋ ವರ್ಷ ತರಗತಿಗಳಲ್ಲಿ ಪಾಠ ಮಾಡಿದೆ. ‘ಸಾರಥಿ ಇಲ್ಲದ ಆಟ’ ಎಂಬ ಕಾಕಾನ ಮಾತನ್ನು ಮಾತ್ರ ಯಾವ ತರಗತಿಯಲ್ಲೂ ಹೇಳಲಿಲ್ಲ. ನನ್ನ ಪಾಠ ಕೇಳಿ ಸೊಂಟದ ಮೇಲೆ ಕೈಯಿಟ್ಟು ಮರುಪ್ರಶ್ನೆ ಹಾಕಲು ಅವರು ಎದುರಿಗೆ ಇರಲಿಲ್ಲವಲ್ಲ. ಈಗ ಅವರ ಮನೆಯೂ ಬಿದ್ದುಹೋಗಿದೆ. ಬಾಜು ಮನೆ ಇದ್ದಲ್ಲಿ ಜಾಲಿ ಬೆಳೆದಿದೆ.

ಹತ್ತಿಯ ವಾಸನೆ ಮೂಗಿನಿಂದ ಹೋಗದ್ದರಿಂದ ಹೋದ ವಾರ ಊರಿಗೆ ಹೋಗಿದ್ದೆ. ರಾಜನ ವೇಷದವರ ಹೆಂಡತಿ ಇನ್ನೂ ಇದ್ದಾಳೆ. ಕಣ್ಣು ಮಂಜಾಗಿವೆ, ಮಾತು ಗಟ್ಟಿಯಿದೆ. ಮಗ, ಸೊಸೆ, ಮೊಮ್ಮಕ್ಕಳು ಸುತ್ತ ಓಡಾಡುತ್ತಿದ್ದರು. ಮಗ ಕುರಿ ಹೊಡೆದುಕೊಂಡು ಹೊರಗೆ ಹೋದ ಮೇಲೆ ಅವಳ ಮಂಚದ ಬಳಿ ಕುಳಿತು ಒಂದೇ ಪ್ರಶ್ನೆ ಕೇಳಿದೆ. ಆಟದಲ್ಲಿ ಯಜಮಾನರು ಮೊದಲು ಯಾವ ಕಾಲು ಇಡುತ್ತಿದ್ದರು?

ಅವಳು ಮಗ ಹೋದ ದಾರಿಯ ಕಡೆ ಮುಖ ತಿರುಗಿಸಿದಳು.

“ಎಡಗಾಲು, ತಮ್ಮಾ. ಬಲಗಾಲಿನ ಹೆಬ್ಬಟ್ಟು ಇರಲಿಲ್ಲ ಅವರಿಗೆ. ಯಾವತ್ತಿದ್ರೂ ಎಡಗಾಲಽ.”