ಹಿಮದ ನಾಡಿಗೆ ಹೋದ ಬೇವಿನ ಡಬ್ಬಿ

ಉತ್ತರ ಧ್ರುವದ ಬಳಿಯ ವಸಂತಕ್ಕೆ ಮಹಾಂತೇಶ ನಗರದ ನಮ್ಮ ಅಡುಗೆಮನೆಯಲ್ಲಿ ಜನವರಿಯಿಂದಲೇ ತಯಾರಿ ನಡೆಯಿತು. ಹಿಮದ ಮೇಲೆ ಸಂಶೋಧನೆ ಮಾಡುವ ನನ್ನ ನಾದಿನಿ ಬೇಸಿಗೆ ಮುಗಿಯುವ ತನಕ ಅಲ್ಲಿನ ಶಿಬಿರದಲ್ಲಿ ಇರಬೇಕಿತ್ತು. ಹೊಟ್ಟೆಗೆ ಶಿಬಿರದವರೇ ಹಾಕುತ್ತಾರಂತೆ. ನಾಲಿಗೆಗೆ ಬೇಕಾದದ್ದು ಮಾತ್ರ ನಾವೇ ಕಟ್ಟಿಕೊಡಬೇಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಕರಿಬೇವಿನ ಚಟ್ನಿಪುಡಿ ಕಟ್ಟಿದೆ.

ಖಾನಾಪುರದಿಂದ ಬಂದ ಅತ್ತೆಗೆ ಇದಾವುದೂ ಲೆಕ್ಕಕ್ಕಿರಲಿಲ್ಲ. "ರೊಟ್ಟಿ ಇರಲಿ. ಯುಗಾದಿಗೆ ಬೇವು?"

ಮಗಳ ಬಾಯಿಗೆ ಬೇವು ಬೀಳದೆ ಒಂದು ವರ್ಷವೂ ಶುರುವಾಗಿಲ್ಲ. ಸಣ್ಣವಳಿದ್ದಾಗ ಜ್ವರ ಬಂದು ನೆಹರು ನಗರದ ದವಾಖಾನೆಯಲ್ಲಿ ಮಲಗಿದ್ದಾಗಲೂ ಅತ್ತೆ ಚಮಚ ಹಿಡಿದು ಹೋಗಿದ್ದರಂತೆ. ಆದರೆ ಜನವರಿಯಲ್ಲಿ ಬೇವಿನ ಹೂವು ಎಲ್ಲಿಯದು? ಕೋಟೆಯ ಬಾಜು ಇರುವ ಗಿಡದ ಎಲೆ ತಂದು, ನೆರಳಲ್ಲಿ ಒಣಗಿಸಿ, ಕುಟ್ಟಿ ಡಬ್ಬಿ ತುಂಬಿದೆ.

ನಮ್ಮ ಮನೆಯ ಡಬ್ಬಿಗಳೆಲ್ಲ ಒಂದೇ ಅಳತೆಯವು. ಚೀಟಿ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಮುಚ್ಚಳ ತೆಗಿ, ಮೂಸು, ಬಡಿಸು. ಅತ್ತೆ ಕಲಿಸಿದ್ದು, ನಾದಿನಿಯೂ ಕಲಿತದ್ದು ಅದೇ.

ತಿಂಗಳುಗಟ್ಟಲೆ ಕತ್ತಲಿದ್ದ ಶಿಬಿರಕ್ಕೆ ಸೂರ್ಯ ಮೊದಲ ಸಲ ಮುಖ ತೋರಿಸಿದ ದಿನ ವಿಡಿಯೋ ಕಾಲ್ ಬಂತು. ಖುಷಿಗೆ ಎಲ್ಲರಿಗೂ ನಮ್ಮ ರೊಟ್ಟಿ, ಚಟ್ನಿ ಹಂಚಿದ್ದಳಂತೆ.

"ವೈನಿ, ಚಟ್ನಿಯೊಳಗ ಏನ್ ಹಾಕೀರಿ? ಇಲ್ಲೆ ಎಲ್ಲಾರೂ ಕಣ್ಣು ಮುಚ್ಕೊಂಡು ಕುಂತಾರ!"

ನನಗೆ ತಕ್ಷಣ ತಿಳಿಯಿತು. "ಅದು ಚಟ್ನಿ ಅಲ್ಲ, ಬೇವು! ಮೂಸಿ ನೋಡಲಿಲ್ಲೇನ?"

"ಈ ಥಂಡ್ಯಾಗ ಮೂಗು ಐತಿ ಅನ್ನೂದ ಗೊತ್ತಾಗವಲ್ದು, ಏನ್ ಮೂಸಲ್ರಿ?"

ಅತ್ತೆ ಫೋನ್ ಕಸಿದುಕೊಂಡರು. "ಎಷ್ಟ ಉಳದೈತಿ?"

"ಇಲ್ಲವ್ವಾ. ಪುಡಿ ಪೂರ್ತಿ ಎಣ್ಣಿ ಹಾಕಿ ಕಲಸಿಬಿಟ್ಟೆ."

"ಸೂರ್ಯಾನ್ನ ಕಂಡ ಕೂಡ್ಲೆ ಹುಚ್ಚಾದ್ಯೇನ ನೀ?"

ಪಾರ್ಸೆಲ್ ಕಳಿಸೋಣವೆಂದರೆ ನಮ್ಮ ಮನೆಯವರು ನಕ್ಕರು. "ಅದು ಮುಟ್ಟೂದ್ರಾಗ ದೀಪಾವಳಿ ಬರ್ತೈತಿ." ಅತ್ತೆ ನಗಲಿಲ್ಲ. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ದೇವರ ಮುಂದೆ ಇನ್ನಷ್ಟು ಹೊತ್ತು ಕೂರತೊಡಗಿದರು. ಬೇಡಿಕೊಂಡದ್ದು ಒಂದು ಚಿಟಿಕೆ ಬೇವನ್ನೇ ಎಂದು ನನಗೆ ಗೊತ್ತಿತ್ತು. ಅಷ್ಟು ಸಣ್ಣದನ್ನು ಕೇಳಲು ನನಗೂ ಸಂಕೋಚವಿಲ್ಲ, ನಾನೂ ಕೇಳಿದೆ.

ಯುಗಾದಿಯ ಬೆಳಗ್ಗೆ ಅವಳು ಹೊಸ ಬಟ್ಟೆಯ ಮೇಲೆ ಹೊದಿಕೆಯಂಥ ಕೋಟು ಹಾಕಿಕೊಂಡು ಪರದೆಯ ಮೇಲೆ ಬಂದಳು. ಕೈಯಲ್ಲಿ ಬೆಲ್ಲದ ಚೂರು, ಮುಂದೆ ಖಾಲಿ ಡಬ್ಬಿ.

"ಡಬ್ಬಿ ತೊಳದಿ?" ಅತ್ತೆ ಕೇಳಿದರು.

"ಡಬ್ಬಿ ತೊಳದೇನಿ. ಮುಚ್ಚಳ ಹಂಗ ಐತಿ."

ಅವಳ ಸೋಮಾರಿತನವನ್ನು ನಾನು ಎಷ್ಟು ವರ್ಷ ಆಡಿಕೊಂಡಿದ್ದೇನೋ! ಅಂದು ಅದಕ್ಕೂ ಕೈ ಮುಗಿದೆ.

"ಮುಚ್ಚಳದ ಅಂಚು ಬಡಿ," ಅಂದರು ಅತ್ತೆ.

ಬಡಿದಳು. ಬೆಲ್ಲದ ಮೇಲೆ ಹಸಿರು ಧೂಳು ಉದುರಿತು.

"ಇನ್ನೊಮ್ಮೆ ಬಡಿ."

"ಸಾಕಲ್ಲವ್ವಾ!"

"ಬಡಿ ಅಂದ್ನಿ."

ಬಡಿದು, ಬಾಯಿಗೆ ಹಾಕಿಕೊಂಡಳು. ಎಣ್ಣೆ ತಾಗದ ಅಪ್ಪಟ ಬೇವು. ಮುಖ ಕಿವುಚಿ, ನಾಲಿಗೆ ಹೊರಚಾಚಿದಳು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಆ ಮುಖವನ್ನು ಚೆನ್ನಾಗಿ ನೋಡಿದರು.

"ಹೂಂ, ಕಹಿ ಐತಿ," ಎಂದು ಸೆರಗು ಸಿಕ್ಕಿಸಿ ಎದ್ದರು. "ನಡಿ, ಹೋಳಿಗಿಗೆ ಕಣಕ ನಾದೂಣು."