ಪೆನ್ ಡ್ರೈವಿನಲ್ಲಿ ಹಿಡಿಯದ ಹಾಡು

ಬಸುರಿ ತಂಗಿಯ ಕುಬಸದ ದಿನ ಬೆಳಿಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಂಡರಗಿಯಿಂದ ಅವಳ ಗಂಡನ ಮನೆಯವರು ಸಂಜೆಗೆ ಬರುವವರಿದ್ದರು. ಲಕ್ಷ್ಮೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಹಸಿರು ಸೀರೆ, ಹಸಿರು ಬಳೆಗಳ ಗದ್ದಲವೋ ಗದ್ದಲ. ನನ್ನ ಗಮನ ಮಾತ್ರ ಲ್ಯಾಪ್‌ಟಾಪಿನ ಮೇಲಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಹಾಡುವುದನ್ನು ಬಿಟ್ಟಿದ್ದಳು. ಶುಭಕಾರ್ಯವೆಂದರೆ ಅಡುಗೆಮನೆ ಸೇರಿ ಬಾಗಿಲ ಮರೆಗೆ ನಿಂತುಬಿಡುವಳು. ಹೊರಗೆ ಬರಬೇಡ ಎಂದು ಯಾರೂ ಅಂದಿರಲಿಲ್ಲ. ಬಾ ಎಂದೂ ಯಾರೂ ಕರೆಯಲಿಲ್ಲ. ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿ. ಒಂದು ಕಾಲಕ್ಕೆ ನಮ್ಮ ಓಣಿಯ ಯಾವ ಕುಬಸವೂ ಅವಳ ಸೋಬಾನ ಪದವಿಲ್ಲದೆ ಮುಗಿಯುತ್ತಿರಲಿಲ್ಲ. ಅವಳು ಪಡಸಾಲೆಗೆ ಬರದಿದ್ದರೆ ಅವಳ ದನಿಯಾದರೂ ಬರಲಿ ಎಂದು ಅವಳಿಗೆ ಗೊತ್ತಾಗದಂತೆ ಮನೆಯ ಹಳೆಯ ವಿಡಿಯೊಗಳನ್ನೆಲ್ಲ ಕೂಡಿಹಾಕಿದ್ದೆ. ಅವ್ವ ಹಾಡಿದ್ದು ನನ್ನ ಮದುವೆಯದರಲ್ಲಿ. ಒಟ್ಟು ಮೂವತ್ತೊಂದು ಜಿಬಿ ಆಗಿತ್ತು. ಬಜಾರಿಗೆ ಓಡಿ ಮೂವತ್ತೆರಡರ ಪೆನ್ ಡ್ರೈವ್ ತಂದೆ. ಸಂಜೆ ಟಿವಿಗೆ ಹಚ್ಚುವುದು, ಆಮೇಲೆ ಅದನ್ನು ತಂಗಿಯ ಕೈಗಿಡುವುದು ಎಂಬ ಲೆಕ್ಕ ನನ್ನದು.

ಜಾಗ ಸಾಲದು ಎಂದಿತು ಲ್ಯಾಪ್‌ಟಾಪ್! ನೋಡಿದರೆ ಖಾಲಿ ಪೆನ್ ಡ್ರೈವಿನಲ್ಲೇ ಇದ್ದದ್ದು ಇಪ್ಪತ್ತೊಂಬತ್ತು ಚಿಲ್ಲರೆ. ನನ್ನ ಪಿತ್ತ ನೆತ್ತಿಗೇರಿತು. ಹಾಕಿಕೊಂಡ ಚಪ್ಪಲಿ ಯಾರದೆಂದೂ ನೋಡದೆ ಅಂಗಡಿಗೆ ಹೋದೆ.

"ಎರಡು ಜಿಬಿ ಎಲ್ಲಿ ನುಂಗೀರಿ?" ಎಂದೆ. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಅಂಗಡಿಯವನು ನಕ್ಕ. "ಯಾರೂ ನುಂಗಿಲ್ರಿ ಅಕ್ಕಾರ. ಕಂಪನಿಯವರು ಸಾವಿರಕ್ಕ ಒಂದು ಗಂಟು ಕಟ್ಟಿ ಎಣಸ್ತಾರ. ನಿಮ್ಮ ಕಂಪ್ಯೂಟರ್ ಸಾವಿರದಾ ಇಪ್ಪತ್ನಾಕಕ್ಕ ಒಂದು ಗಂಟು ಕಟ್ತೈತಿ. ಕೆಬಿ, ಎಂಬಿ, ಜಿಬಿ, ಎಲ್ಲಾಕೂ ಹಂಗ. ಗಂಟು ದೊಡ್ಡವಾದ್ರ ಎಣಿಕಿ ಕಡಿಮಿ ಬರೂದ ನೋಡ್ರಿ. ಇದಕ್ಕಿಂತ ದೊಡ್ಡದು ಬೇಕಂದ್ರ ನಾಳೆ ಗದಗಿನಿಂದ ಬರ್ತೈತಿ."

ನಾಳೆ ಬಂದರೆ ಯಾರಿಗೆ ಬೇಕು? ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅವ್ವನ ಮುಂದೆ ಎಲ್ಲ ಒದರಿದೆ. ಗುಟ್ಟು ಉಳಿಯಲಿಲ್ಲ. ಅವ್ವ ಹೋಳಿಗೆ ಲಟ್ಟಿಸುತ್ತಲೇ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದು ನಕ್ಕಳು.

"ನಿಮ್ಮಪ್ಪ ಕಾಳಿನ ಅಂಗಡ್ಯಾಗ ಸೇರಿನ ಬಾಯಿ ಸಮ ಗೀರಿ ಅಳೀತಿದ್ರು. ನಾ ಮನ್ಯಾಗ ತಲಿ ಏರಿಸಿ ಅಳೀತಿದ್ದೆ. ಅದ ಚೀಲ, ಅದ ಜ್ವಾಳ. ಅವರ ಕೈಯಾಗ ಸೇರು ಜಾಸ್ತಿ ಆಕ್ಕಿದ್ವು, ನನ್ನ ಕೈಯಾಗ ಕಡಿಮಿ. ಮದುವಿ ಆದ ಹೊಸದಾಗಿ ನಾನೂ ಹಿಂಗ ಜಗಳಾ ತಗದಿದ್ದೆ, ಜ್ವಾಳ ಯಾರು ಕದ್ರು ಅಂತ!"

ನನಗೂ ನಗು ತಡೆಯಲಾಗಲಿಲ್ಲ. ಅಂಗಡಿಯವನು ಹೇಳಿದ್ದು ಆಗ ತಲೆಗೆ ಹೋಯಿತು. ಆದರೆ ತಲೆಗೆ ಹೋದರೇನು, ಪೆನ್ ಡ್ರೈವಿಗೆ ಹೋಗಬೇಕಲ್ಲ! ಒಂದು ವಿಡಿಯೊ ಬಿಡಲೇಬೇಕಿತ್ತು. ಅಜ್ಜಿಯದನ್ನು ಬಿಡುವಂತಿಲ್ಲ, ಸೋದರತ್ತೆಯದನ್ನೂ ಬಿಡುವಂತಿಲ್ಲ. ಇಬ್ಬರೂ ಈಗ ಇಲ್ಲ. ಉಳಿದದ್ದು ತಂಗಿಯ ಮದುವೆ. ಅದರಲ್ಲಿ ಅರ್ಧ ಭಾಗ ಬರೀ ಊಟದ ಪಂಕ್ತಿ, ಆದರೆ ಉಣ್ಣುತ್ತ ಕೂತವರೆಲ್ಲ ಮುಂಡರಗಿಯ ಬೀಗರು.

"ನಿನ್ನ ಮದುವೀದು ಬಿಡು" ಎಂದಳು ಅವ್ವ.

"ಅದರಾಗ ನೀ ಹಾಡಿದ್ದೈತಿ!"

"ನಾ ಇಲ್ಲೇ ಅದೀನಲ್ಲ."

ಎಷ್ಟು ಹಟ ಮಾಡಿದರೂ ಕೇಳಲಿಲ್ಲ. ಸಿಟ್ಟಿನಲ್ಲಿ ಅದನ್ನೇ ಬಿಟ್ಟು ಉಳಿದವನ್ನು ತುಂಬಿದೆ.

ಸಂಜೆ ಟಿವಿಯಲ್ಲಿ ಅಜ್ಜಿ ಬಂದಳು, ಸೋದರತ್ತೆ ಬಂದಳು. ಬೀಗರು ತಮ್ಮ ಊಟ ತಾವೇ ನೋಡಿ ಬಿದ್ದುಬಿದ್ದು ನಕ್ಕರು. ವಿಡಿಯೊ ಮುಗಿಯಿತು. ಹಸಿರು ಸೀರೆಯುಟ್ಟು ಚಾಪೆಯ ಮೇಲೆ ಕೂತಿದ್ದ ತಂಗಿ ನನ್ನ ಕಡೆ ತಿರುಗಿ, "ಅಕ್ಕಾ, ಅವ್ವಂದು ಎಲ್ಲೈತಿ?" ಎಂದಳು.

"ಹಿಡೀಲಿಲ್ಲ. ನಾ ಇಲ್ಲೇ ಅದೀನಲ್ಲ ಅಂದ್ಲು."

ತಂಗಿಯ ಕಣ್ಣು ತುಂಬಿದವು. ಆದರೆ ಅವಳು ಅಳಲಿಲ್ಲ. ಅಷ್ಟೂ ಜನರ ನಡುವೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದಳು: "ಅವ್ವಾ! ಇಲ್ಲೇ ಅದೀನಿ ಅಂದ್ರ ಅಲ್ಲ್ಯಾಕ ನಿಂತಿ? ಬಾ. ನೀ ಬಂದು ಹಾಡೂತನಕಾ ನಾ ಹಸರ ಬಳಿ ಇಟ್ಕೊಳ್ಳಾಂಗಿಲ್ಲ."

ತಂಗಿಯ ಅತ್ತೆ ಎದ್ದು ಚಾಪೆ ಝಾಡಿಸಿ, "ಬರ್ರಿ ಬೀಗತಿ, ಕುಂಡ್ರಿ" ಎಂದರು.

ಅವ್ವ ಬಂದಳು, ಕೈಯಲ್ಲಿ ಹೋಳಿಗೆಯ ಹಿಟ್ಟು ಹಾಗೇ ಇತ್ತು. ಮೊದಮೊದಲು ದನಿ ಒಡೆಯಿತು, ಎರಡನೇ ಸಾಲಿಗೆ ಏರಿತು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ನನ್ನ ಮದುವೆಯ ವಿಡಿಯೊದಲ್ಲಿ ಆ ಹಾಡು ಎರಡು ನುಡಿ ಆಗುವಷ್ಟರಲ್ಲಿ ಬ್ಯಾಂಡಿನ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಕುಬಸದ ಆ ಸಂಜೆ ಅವ್ವ ಅದನ್ನು ಕೊನೆಯ ನುಡಿಯವರೆಗೂ ಹಾಡಿದಳು.