ಇಂಜೆಕ್ಷನ್ ಬೇಡ ಎಂದ ಚಿಕ್ಕಮ್ಮ, ಯಾಕೆ ಎಂದು ಕೇಳಿದ ಡಾಕ್ಟರು

ಇನ್ನೊಂದು ಸಲ ಆ ಇಂಜೆಕ್ಷನ್ ಕೊಟ್ಟರೆ ಉಣ್ಣುವುದನ್ನೇ ಬಿಡುತ್ತೇನೆ ಎಂದು ಹೇಳಿ ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಮೆಡಿಕಲ್ ಎರಡನೇ ವರ್ಷ, ರಜೆಗೆಂದು ಅಜ್ಜಂಪುರಕ್ಕೆ ಬಂದಿದ್ದೆ. ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಮುಗಿದಿತ್ತು. ಈಗ ಅದು ಬೆನ್ನುಮೂಳೆಗೆ ಇಳಿದಿತ್ತು.

ಮನೆಯ ಪಡಸಾಲೆಯಲ್ಲೇ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಹೆಂಗಸು ಅವರು. ಮಾತಾಡುವಾಗಲೂ ಕೈ ಸುಮ್ಮನಿರುತ್ತಿರಲಿಲ್ಲ. ಕಾಜಾ, ಗುಂಡಿ, ಹೆಮ್ಮಿಂಗು... ಏನಾದರೊಂದು ಇರಲೇಬೇಕು.

ಆ ಕೈಗಳು ಈಗ ಹೊದಿಕೆಯ ಮೇಲೆ ಬಿದ್ದಿದ್ದವು. ಇಂಜೆಕ್ಷನ್ ಕೊಟ್ಟರೆ ನರಳಾಟ ನಿಲ್ಲುತ್ತಿತ್ತು. ಆದರೆ ಕಣ್ಣು ಬಿಟ್ಟುಕೊಂಡೇ ಮಲಗಿರುವರು, ಕರೆದರೆ ಓಗೊಡರು, ಒಮ್ಮೊಮ್ಮೆ ಇಲ್ಲದ್ದನ್ನು ಕಂಡು ಬೆಚ್ಚುವರು.

"ತಲೆ ಕೆಟ್ಟದೆ ಇವ್ಳಿಗೆ. ಯಾರತ್ರನಾದ್ರೂ ಒಂದು ಅಂತ್ರ ತಾಯ್ತ ಮಾಡಿಸ್ಕೊಂಡು ಬತ್ತೀನಿ" ಎಂದು ಚಿಕ್ಕಪ್ಪ ಶರ್ಟು ಹಾಕಿಕೊಂಡು ಹೊರಡಲು ಅಂಗಳಕ್ಕೆ ಇಳಿದಿದ್ದರು.

ಅಷ್ಟರಲ್ಲಿ ಡಾಕ್ಟರು ಬಂದರು.

ತರೀಕೆರೆಯಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ಸುಲೋಚನಾ, ವಾರಕ್ಕೊಮ್ಮೆ ಚಿಕ್ಕಮ್ಮನನ್ನು ನೋಡಲು ಬಸ್ಸಿನಲ್ಲಿ ಬರುತ್ತಿದ್ದರು. ಆ ಇಂಜೆಕ್ಷನ್ ಬರೆದುಕೊಟ್ಟವರೂ ಅವರೇ.

ನಾನು ವಿಷಯ ಹೇಳಿದೆ. ಈಗ ಗದರುತ್ತಾರೆ ಎಂದುಕೊಂಡೆ. ಅವರು ಮಂಚದ ಅಂಚಿನಲ್ಲಿ ಕೂತು, "ಯಾಕೆ ಬೇಡ ಗೌರಮ್ಮ? ನೋವು ಕಮ್ಮಿ ಆಗ್ತಿಲ್ವಾ?" ಎಂದು ಕೇಳಿದರು.

"ಆಗ್ತದೆ ಡಾಕ್ಟ್ರೇ" ಎಂದರು ಚಿಕ್ಕಮ್ಮ. "ನೋವು ಹೋಗ್ತದೆ. ಅದ್ರ ಜೊತೆಗೆ ಎಲ್ಲಾನೂ ಹೋಗ್ತದೆ. ಗೋಡೆ ಮೈಮೇಲೆ ಬಂದಂಗಾಗ್ತದೆ. ಕೈ ಎತ್ತಾಣ ಅಂದ್ರೆ ಮನಸ್ಸೇ ಬರಲ್ಲ. ಅದ್ಕಿಂತ ನೋವೇ ವಾಸಿ."

ಡಾಕ್ಟರು ಚಿಕ್ಕಪ್ಪನನ್ನು ಒಳಗೆ ಕರೆದರು. "ಇವ್ರ ತಲೆ ಚೆನ್ನಾಗೇ ಇದೆ ಕಣ್ರೀ. ಕೆಟ್ಟಿರೋದು ನಾನು ಬರ್ಕೊಟ್ಟ ಔಷಧಿ ಲೆಕ್ಕ."

ಒಬ್ಬ ವೈದ್ಯರು ಹಾಗೆ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನನಗೆ ಬಿಡಿಸಿ ಹೇಳಿದರು. ಮಿದುಳಿನಲ್ಲಿ ಅಫೀಮಿನ ಜಾತಿಯ ಔಷಧಿಗಳು ಹೋಗಿ ಕೂರುವ ಜಾಗಗಳಿವೆ, ರಿಸೆಪ್ಟರ್ ಅಂತ. ಅವು ಒಂದೇ ಥರ ಅಲ್ಲ. ಮ್ಯೂ, ಕಪ್ಪಾ, ಡೆಲ್ಟಾ ಎಂದು ಬೇರೆ ಬೇರೆ.

"ನಾನು ಕೊಡ್ತಿದ್ದ ಪೆಂಟಜೋಸಿನ್ ಹೆಚ್ಚಾಗಿ ಕಪ್ಪಾ ಹಿಡಿಯೋದು. ಮಾರ್ಫಿನ್ ಹಿಡಿಯೋದು ಮ್ಯೂನ. ನೋವು ಎರಡರಲ್ಲೂ ಇಳೀತದೆ. ಆದ್ರೆ ಕಪ್ಪಾ ಹಿಡಿದ್ರೆ ಕೆಲವ್ರಿಗೆ ಮನಸ್ಸು ಕುಸಿದುಹೋಗ್ತದೆ. ನಿಮ್ಮ ಚಿಕ್ಕಮ್ಮ ಅದನ್ನ ನನಗಿಂತ ಚೆನ್ನಾಗಿ ಹೇಳಿದ್ರು ನೋಡು."

ಇನ್ನು ಮಾರ್ಫಿನ್ ಕೊಡೋಣ ಎಂದ ಕೂಡಲೇ ಪಕ್ಕದಲ್ಲೇ ಕೂತಿದ್ದ ಚಿಕ್ಕಪ್ಪ ಗಾಬರಿಯಾದರು. ಚಟ ಹತ್ತಿದರೆ?

"ಅದನ್ನ ನೋಡ್ಕೊಳ್ಳೋ ಜವಾಬ್ದಾರಿ ನಂದು. ಅವ್ರು ಎದ್ದು ಕೂತು ಊಟ ಮಾಡೋ ಹಂಗಾಗ್ಲಿ, ಅಷ್ಟು ಸಾಕಲ್ವಾ ನಿಮಗೆ?"

ಚಿಕ್ಕಪ್ಪ ಶರ್ಟು ಬಿಚ್ಚಿ ಗೂಟಕ್ಕೆ ಹಾಕಿದರು.

ಆಗ ಮಾರ್ಫಿನ್ ಸಿಗುವುದು ಸುಲಭವಿರಲಿಲ್ಲ. ಅಬಕಾರಿಯವರ ಪರವಾನಗಿ ಬೇಕು. ಅದರ ತಂಟೆಯೇ ಬೇಡ ಎನ್ನುವ ಡಾಕ್ಟರುಗಳೇ ಹೆಚ್ಚು. ಇವರು ಕ್ಲಿನಿಕ್ ಮುಚ್ಚಿಕೊಂಡು ಕಡೂರು, ಚಿಕ್ಕಮಗಳೂರು ಎಂದು ತಾವೇ ಅಲೆದರು. ಕೊನೆಗೆ ಔಷಧಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಂದೇಬಿಟ್ಟರು.

ಮೊದಲ ದಿನ ಚಿಕ್ಕಮ್ಮನಿಗೆ ವಾಂತಿ, ಮಂಪರು. ಮಲಬದ್ಧತೆಯೂ ಶುರುವಾಯಿತು. ಡಾಕ್ಟರು ಎಲ್ಲವನ್ನೂ ಮುಂಚೆಯೇ ಹೇಳಿ, ಅದಕ್ಕೂ ಔಷಧಿ ಕೊಟ್ಟಿದ್ದರು. ಆದರೂ ನನಗೆ ಒಳಗೊಳಗೇ ಭಯ.

ಕೆಲವು ದಿನ ಕಳೆದಿದೆ. ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಬಟ್ಟೆ ಒಣಗಿ ಹಾಕುತ್ತಿದ್ದೇನೆ. ಒಳಗಿನಿಂದ ಚಿಕ್ಕಮ್ಮನ ದನಿ ಕೇಳುತ್ತದೆ.

"ಲೇ, ಈ ಕಾಲರ್ ಕತ್ತರಿಸಿದ್ದು ಯಾರೇ? ಹಿಂಗಾ ಕತ್ತರಿಸೋದು?"

ಓಡಿಹೋಗಿ ನೋಡಿದರೆ ಗೋಡೆಗೆ ದಿಂಬು ಆನಿಸಿಕೊಂಡು ಕೂತಿದ್ದಾರೆ. ಕ್ಲಾಸಿನ ಹುಡುಗಿಯರು ಬಿಟ್ಟುಹೋಗಿದ್ದ ಬಟ್ಟೆ ತೊಡೆಯ ಮೇಲಿದೆ, ಬೆರಳುಗಳು ಅಂಚನ್ನು ಸವರುತ್ತಿವೆ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ನೋವು ಪೂರ್ತಿ ಹೋಗಿರಲಿಲ್ಲ. ಕಾಯಿಲೆಯಂತೂ ಇದ್ದೇ ಇತ್ತು. ಮುಂದಿನ ಯುಗಾದಿಗೆ ಅವರು ಇರಲಿಲ್ಲ. ಆದರೆ ಕೊನೆಯ ಕೆಲವು ವಾರ ಬಿಟ್ಟರೆ, ಮಂಚದ ಮೇಲೆ ಕೂತೇ ಹುಡುಗಿಯರಿಗೆ ಕಟಿಂಗ್ ಹೇಳಿಕೊಟ್ಟರು, ಬೈದರು, ನಕ್ಕರು.

ಮುಂದೆ ನಾನು ಫಾರ್ಮಕಾಲಜಿಯನ್ನೇ ಆರಿಸಿಕೊಂಡೆ. ಆ ದಶಕ ಮುಗಿಯುವ ಹೊತ್ತಿಗೆ ಓದಲು ಸಿಕ್ಕಿದ್ದು ಇದು: ಮ್ಯೂ ಹಿಡಿಯುವ ಔಷಧಿ ಕೊಟ್ಟ ಇಲಿಗಳ ಮಿದುಳಿನಲ್ಲಿ ಡೋಪಮಿನ್ ಏರುತ್ತದೆ, ಅವು ಓಡಾಡುತ್ತವೆ. ಕಪ್ಪಾ ಹಿಡಿಯುವುದನ್ನು ಕೊಟ್ಟರೆ ಡೋಪಮಿನ್ ಇಳಿಯುತ್ತದೆ, ಇಲಿಗಳು ಮಂಕಾಗಿ ಒಂದೆಡೆ ಬಿದ್ದಿರುತ್ತವೆ. ಬೇಕು ಅನ್ನಿಸುವುದಕ್ಕೂ ಮೈ ಚಲಿಸುವುದಕ್ಕೂ ಆ ಡೋಪಮಿನ್ ಬೇಕು.

ಓದುತ್ತಾ ಓದುತ್ತಾ ಹೊದಿಕೆಯ ಮೇಲೆ ಬಿದ್ದಿದ್ದ ಚಿಕ್ಕಮ್ಮನ ಕೈಗಳು ನೆನಪಾದವು... ಇಲಿ ಇಲಿಯೇ, ಚಿಕ್ಕಮ್ಮ ಚಿಕ್ಕಮ್ಮನೇ. ಅವರೊಳಗೆ ಏನೇನು ನಡೆಯಿತೋ ಅಳೆದು ನೋಡಿದವರಿಲ್ಲ. ಆದರೆ ಎರಡೂ ಔಷಧಿಯಲ್ಲಿ ನೋವು ಇಳಿದಿತ್ತು, ಅವರು ಎದ್ದು ಕೂತದ್ದು ಒಂದರಲ್ಲಿ ಮಾತ್ರ.

ಡಾಕ್ಟರ್ ಸುಲೋಚನಾ ಆ ದಿನ ಗದರಿ ಇನ್ನೊಂದು ಇಂಜೆಕ್ಷನ್ ಕೊಟ್ಟು ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ನಿಮ್ಮ ಮಾತನ್ನು ಹಾಗೆ ಕೂತು ಕೇಳಿದ ಡಾಕ್ಟರು ನಿಮಗೂ ಯಾರಾದರೂ ಸಿಕ್ಕಿದ್ದಾರಾ?